ವಿಯೆಟ್ನಾಂ, ಬ್ರೆಜಿಲ್ ಮನೆಗಳ ನಕ್ಷೆ ನೋಡಿ ಹುಬ್ಬಳ್ಳಿಯಲ್ಲಿ ಮನೆ ಕಟ್ಟಬಹುದಾ? (20×50 ಪ್ಲಾಟ್, ಪಶ್ಚಿಮಕ್ಕೆ ರಸ್ತೆ)

ಕೇಶ್ವಾಪುರದವಳು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು 20×50 ಪ್ಲಾಟ್ ಇದೆ. ರಸ್ತೆ ಪಶ್ಚಿಮಕ್ಕೆ. ಎರಡೂ ಮಗ್ಗುಲಲ್ಲಿ ಆಗಲೇ ಮನೆಗಳು ಎದ್ದಿವೆ. ಬೆಳಕು ಬಂದರೆ ಮುಂದಿನಿಂದ ಬರಬೇಕು, ಹಿಂದಿನಿಂದ ಬರಬೇಕು, ಇಲ್ಲಾ ಮೇಲಿನಿಂದ ಬರಬೇಕು. ಅತ್ತೆಯವರು, ನಾವಿಬ್ಬರು, ಎರಡು ಮಕ್ಕಳು. ಕೆಳಗಿನ ಮನೆ, ಅದರ ಮೇಲೊಂದು ಮಹಡಿ. ಅಷ್ಟು ಸಾಕು.

ಇಲ್ಲಿಯವರೆಗೆ ನಮಗೆ ತೋರಿಸಿದ ಪ್ಲಾನುಗಳೆಲ್ಲ ಒಂದೇ ಅಚ್ಚು. ಮುಂದೆ ಗಾಡಿ, ಆಮೇಲೆ ಹಾಲ್, ನಡುವೆ ಊಟದ ಜಾಗ, ಹಿಂದೆ ಅಡುಗೆ ಮನೆ. ಆ ನಡುವಿನ ಜಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಅತ್ತೆಯವರು ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. ಅವರನ್ನು ಕತ್ತಲಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ.

ಫೋನಿನಲ್ಲಿ ಹುಡುಕುತ್ತಾ ಹೋದರೆ ವಿಯೆಟ್ನಾಂ, ಬ್ರೆಜಿಲ್, ಮೆಕ್ಸಿಕೋ, ಜಪಾನ್ ಮನೆಗಳು ಕಾಣುತ್ತವೆ. ನಮ್ಮಷ್ಟೇ ಕಿರಿದಾದ ಜಾಗ, ಆದರೆ ಒಳಗೆಲ್ಲ ಬೆಳಕು. ಪುಟ ತೆರೆದರೆ ಒಂದಕ್ಷರ ತಿಳಿಯುವುದಿಲ್ಲ. ಇಂಥ ವೆಬ್‌ಸೈಟುಗಳನ್ನು ಬಳಸುವುದು ಹೇಗೆ? ಅಲ್ಲಿನ ಮನೆ ನಮ್ಮ ಬಿಸಿಲಿಗೂ ಮಳೆಗೂ ಹೊಂದುತ್ತದೋ ಇಲ್ಲವೋ ಅಂತ ನನ್ನಂಥವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಆರ್ಕಿಟೆಕ್ಚರ್ ಹುಡುಗಿ

ಅಕ್ಕಾ, ನಾನು ಹುಬ್ಬಳ್ಳಿಯಲ್ಲೇ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಈ ಹುಡುಕಾಟ ನಮಗೆ ದಿನದ ಕೆಲಸ.

ಬರೀ ಫೋಟೋ ತೋರಿಸುವ ಆ್ಯಪ್‌ಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಅಲ್ಲಿ ಕಾಣುವ ಎಷ್ಟೋ ಮನೆಗಳು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರಗಳು. ಅವನ್ನು ಯಾರೂ ಎಲ್ಲೂ ಕಟ್ಟಿಲ್ಲ. ಪ್ಲಾನೂ ಸೆಕ್ಷನ್ನೂ (ಮನೆಯನ್ನು ಸೀಳಿ ತೋರಿಸುವ ನಕ್ಷೆ) ಇಲ್ಲದ ಮನೆ ಎಷ್ಟೇ ಚೆಂದವಿದ್ದರೂ ಬಿಟ್ಟು ಮುಂದೆ ಹೋಗಿ.

ಎರಡನೆಯದು, ಇಂಗ್ಲಿಷ್‌ನಲ್ಲಿ ಹುಡುಕಿದರೆ ಇಂಗ್ಲಿಷ್‌ನವರು ಆರಿಸಿಟ್ಟ ಮನೆಗಳೇ ಬರುತ್ತವೆ. ದುಡ್ಡಿನ ಮನೆಗಳು, ಬಯಲಲ್ಲಿ ಒಂಟಿಯಾಗಿ ನಿಂತ ಮನೆಗಳು. ನಿಮಗೆ ಬೇಕಾದದ್ದು ಸಾಲುಮನೆಗಳ ನಡುವೆ ಸಿಕ್ಕಿಕೊಂಡ ಮನೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ 'ಕಿರಿದಾದ ಜಾಗದ ಮನೆ, ಒಳ ಅಂಗಳ, ಪ್ಲಾನ್, ಸೆಕ್ಷನ್' ಅಂತ ಹಾಕಿ. ವಿಯೆಟ್ನಾಮಿ, ಪೋರ್ಚುಗೀಸ್, ಸ್ಪ್ಯಾನಿಷ್ ಒಂದೊಂದನ್ನೇ ಆರಿಸಿ. ಬಂದ ಸಾಲನ್ನು ನಕಲು ಮಾಡಿ ಹುಡುಕುವ ಜಾಗದಲ್ಲಿ ಹಾಕಿ. ಪುಟ ತೆರೆದ ಮೇಲೆ ಕ್ರೋಮ್‌ನಲ್ಲೇ ಕನ್ನಡಕ್ಕೆ ಬದಲಿಸಬಹುದು. ಚಿತ್ರದೊಳಗೆ ಬರೆದಿರುವ ಅಕ್ಷರಗಳಿಗೆ ಗೂಗಲ್ ಲೆನ್ಸ್ ಹಿಡಿಯಿರಿ. ಕೋಣೆಗಳ ಹೆಸರು ತಿಳಿಯುವಷ್ಟು ಅನುವಾದ ಸಿಕ್ಕರೆ ಸಾಕು.

ನಿಮ್ಮ ಪ್ಲಾಟಿಗೆ ನಾನು ಮೊದಲು ವಿಯೆಟ್ನಾಂ ನೋಡುತ್ತೇನೆ. ಅಲ್ಲಿನ ಊರುಗಳ ಮನೆ ಸಾಮಾನ್ಯವಾಗಿ 4-5 ಮೀಟರ್ ಅಗಲ, 20 ಮೀಟರ್ ಉದ್ದ. ಅದನ್ನು ಅವರು ಕೊಳವೆ ಮನೆ ಅಂತಲೇ ಕರೆಯುತ್ತಾರೆ. ನಿಮ್ಮ 20 ಅಡಿ ಅಂದರೆ 6 ಮೀಟರ್‌ಗೆ ಸ್ವಲ್ಪ ಮೇಲೆ, 50 ಅಡಿ ಅಂದರೆ 15 ಮೀಟರ್‌ಗೆ ಸ್ವಲ್ಪ ಮೇಲೆ. ಅವರಿಗಿಂತ ನಿಮಗೆ ಅನುಕೂಲವೇ ಜಾಸ್ತಿ. ವೋ ತ್ರೋಂಗ್ ನಿಯಾ ಅನ್ನುವ ಆರ್ಕಿಟೆಕ್ಟ್ ಅವರ ಕಚೇರಿ 2011ರಲ್ಲಿ ಹೋ ಚಿ ಮಿನ್ ನಗರದಲ್ಲಿ ಕಟ್ಟಿದ 'ಸ್ಟ್ಯಾಕಿಂಗ್ ಗ್ರೀನ್' ಮನೆ ನೋಡಿ. ಜಾಗ 4 ಮೀಟರ್ ಅಗಲ, 20 ಮೀಟರ್ ಉದ್ದ. ಮುಂದೆಯೂ ಹಿಂದೆಯೂ ಗೋಡೆಯ ಬದಲು ಕಾಂಕ್ರೀಟ್ ತೊಟ್ಟಿಗಳ ಸಾಲು, ತೊಟ್ಟಿಯೊಳಗೆ ಗಿಡ. ಬಿಸಿಲು ಗಿಡದ ಮೇಲೆ ಬೀಳುತ್ತದೆ, ಗಾಳಿ ಒಳಗೆ ಬರುತ್ತದೆ.

ಕಟ್ಟಡಗಳ ಫೋಟೋ, ನಕ್ಷೆ ತೋರಿಸುವ ಆರ್ಚ್‌ಡೈಲಿ ವೆಬ್‌ಸೈಟಿನ ಇಂಗ್ಲಿಷ್ ಪುಟ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು 2008ರಲ್ಲಿ ಚಿಲಿ ದೇಶದಲ್ಲಿ ಶುರುವಾದದ್ದು. ಸ್ಪ್ಯಾನಿಷ್‌ನಲ್ಲೂ ಬ್ರೆಜಿಲ್‌ನ ಪೋರ್ಚುಗೀಸ್‌ನಲ್ಲೂ ಅದಕ್ಕೆ ಬೇರೆ ಪುಟಗಳಿವೆ. ಅಲ್ಲಿನ ಸಣ್ಣಪುಟ್ಟ ಮನೆಗಳು ಅವುಗಳಲ್ಲಿ ಸಿಗುತ್ತವೆ. ಫೋಟೋಗಳ ಸಾಲಿನ ಕೊನೆಗೆ ಹೋಗಿ, ನಕ್ಷೆಗಳನ್ನು ಅಲ್ಲೇ ಇಟ್ಟಿರುತ್ತಾರೆ.

ಹಳೇ ಡ್ರಾಫ್ಟ್ಸ್‌ಮನ್, ಧಾರವಾಡ

ತಂಗಿ, ಈ ಹುಡುಗಿ ಸರಿಯಾಗಿ ಹೇಳಿದ್ದಾಳೆ. ನಾನು ಬೋರ್ಡಿನ ಮೇಲೆ ಟಿ-ಸ್ಕ್ವೇರ್ ಇಟ್ಟು ನಕ್ಷೆ ಬರೆದವನು. ನಕ್ಷೆ ಓದುವುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಜನ ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಪ್ಲಾನ್ ನೋಡುತ್ತಾರೆ, ಸೆಕ್ಷನ್ ನೋಡುವುದೇ ಇಲ್ಲ. ನೀವು ಉಲ್ಟಾ ಮಾಡಿ. ಸೆಕ್ಷನ್ ಅಂದರೆ ಮನೆಯನ್ನು ಮೇಲಿನಿಂದ ಕೆಳಗೆ ಸೀಳಿ ಪಕ್ಕದಿಂದ ನೋಡಿದ ಚಿತ್ರ. ಬೆಳಕು ಎಲ್ಲಿಂದ ಇಳಿಯುತ್ತದೆ, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ, ಮಳೆನೀರು ಎಲ್ಲಿ ಬೀಳುತ್ತದೆ, ಮೂರೂ ಅದರಲ್ಲೇ ಇರುತ್ತವೆ. ಕಿರಿದಾದ ಪ್ಲಾಟಿನಲ್ಲಿ ಮನೆ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಆಗುವುದು ಅಲ್ಲೇ. ಅದನ್ನು ಓದಲು ಭಾಷೆ ಬೇಕಾಗಿಲ್ಲ.

ಅಂಕಿ ಓದುವಾಗ ಮಾತ್ರ ಎಚ್ಚರ ಬೇಕು. ಬ್ರೆಜಿಲ್, ಸ್ಪೇನ್, ಜರ್ಮನಿ ಕಡೆ ಬಿಂದು ಇರಬೇಕಾದ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ. 3,05 ಅಂತ ಇದ್ದರೆ ಮೂರು ಮೀಟರ್ ಐದು ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ 10 ಅಡಿ. ಜಪಾನಿನವರು ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. ಅವರ ನಕ್ಷೆಯಲ್ಲಿ 910, 1820, 2730 ಅಂತ ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಅವರ ಮರದ ಮನೆಗಳ ಅಳತೆ 910ರ ಮೇಲೆ ನಿಂತಿದೆ, ಅಂದರೆ ಹೆಚ್ಚು ಕಡಿಮೆ 3 ಅಡಿ. ಕೋಣೆಯ ಅಳತೆಯನ್ನು ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಆರು ಚಾಪೆಯ ಕೋಣೆ ಅಂದರೆ ಸುಮಾರು 105 ಚದರ ಅಡಿ. ಅದನ್ನು ಫೋಟೋದಲ್ಲಿ ನೋಡಿದರೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಮಂಚ, ಕಪಾಟು ಇಟ್ಟರೆ ಓಡಾಡಲು ಜಾಗ ಇರುವುದಿಲ್ಲ.

ಒಂದು ಗ್ರಾಫ್ ಹಾಳೆ ತಗೊಳ್ಳಿ. ಒಂದು ಚೌಕ ಅಂದರೆ ಒಂದು ಅಡಿ. ನಿಮ್ಮ 20×50 ಬರೆಯಿರಿ. ಮೆಚ್ಚಿದ ಮನೆಯನ್ನು ಅದೇ ಅಳತೆಯಲ್ಲಿ ಇನ್ನೊಂದು ತೆಳು ಹಾಳೆಯಲ್ಲಿ ಬರೆದು ಇದರ ಮೇಲೆ ಇಡಿ. ಎಷ್ಟು ಮನೆಗಳು ಅಲ್ಲಿಗೇ ಬಿದ್ದುಹೋಗುತ್ತವೆ ನೋಡಿ.

ಕೇಶ್ವಾಪುರದವಳು

ಸರ್, ಗ್ರಾಫ್ ಹಾಳೆ ತರಿಸಿದ್ದೇನೆ. ಮಗಳು ಬರೆಯಲು ಕೂತಿದ್ದಾಳೆ. ತುಂಬಾ ಉಪಕಾರ ಆಯಿತು.

ಒಂದು ಬ್ರೆಜಿಲ್ ಮನೆ ಬಹಳ ಇಷ್ಟ ಆಯಿತು. ಅಂಗಳದ ಉತ್ತರಕ್ಕೆ ಉದ್ದನೆಯ ಪಡಸಾಲೆ ಇದೆ, ದಕ್ಷಿಣದ ಕಡೆ ದೊಡ್ಡ ದೊಡ್ಡ ಗಾಜು. ದಕ್ಷಿಣಕ್ಕೆ ಅಷ್ಟು ಗಾಜಿಟ್ಟರೆ ಸುಡುವುದಿಲ್ಲವಾ ಅಂತ ಅನುಮಾನ. ಅವರು ಹೇಗೆ ಇಟ್ಟರು?

ಗದಗ ಸಿವಿಲ್

ಮೇಡಂ, ನಿಮ್ಮ ಅನುಮಾನ ಸರಿ. ಬ್ರೆಜಿಲ್‌ನ ಬಹುಪಾಲು ಭೂಮಧ್ಯರೇಖೆಯ ಕೆಳಗಿದೆ. ಅಲ್ಲಿ ವರ್ಷದ ಹೆಚ್ಚು ದಿನ ಸೂರ್ಯ ಉತ್ತರದ ಕಡೆ ವಾಲಿ ಹೋಗುತ್ತಾನೆ. ಅವರಿಗೆ ತಂಪು ಬೆಳಕು ಬರುವುದು ದಕ್ಷಿಣದಿಂದ. ಹಾಗಾಗಿ ಗಾಜು ದಕ್ಷಿಣಕ್ಕೆ, ನೆರಳು ಉತ್ತರಕ್ಕೆ. ಚಿಲಿ, ಅರ್ಜೆಂಟೀನಾ, ಪರಗ್ವೆ, ಆಸ್ಟ್ರೇಲಿಯಾ ಎಲ್ಲ ಕಡೆ ಇದೇ ಲೆಕ್ಕ.

ಆ ಪ್ಲಾನನ್ನು ನಮ್ಮಲ್ಲಿಗೆ ತರಬೇಕಾದರೆ ಉತ್ತರ ದಕ್ಷಿಣ ಅದಲು ಬದಲು ಆಗಬೇಕು. ಇದಕ್ಕೆ ಹಾಳೆಯನ್ನು ತಿರುಗಿಸಿದರೆ ಆಗುವುದಿಲ್ಲ. ಅರ್ಧ ಸುತ್ತು ತಿರುಗಿಸಿದರೆ ಪೂರ್ವವೂ ಪಶ್ಚಿಮಕ್ಕೆ ಹೋಗುತ್ತದೆ. ಬೆಳಗಿನ ಬಿಸಿಲಿನ ಮಲಗುವ ಕೋಣೆ ಸಂಜೆ ಬಿಸಿಲಿಗೆ ಬರುತ್ತದೆ. ಹಾಳೆಯ ಮೇಲಂಚು ಹಿಡಿದು ಮಗುಚಬೇಕು. ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ಪೂರ್ವ ಪಶ್ಚಿಮ ಇದ್ದಲ್ಲೇ ಇರುತ್ತವೆ, ಉತ್ತರ ದಕ್ಷಿಣ ಮಾತ್ರ ಬದಲಾಗುತ್ತವೆ.

ಇನ್ನು ಯಾವ ದೇಶ ನೋಡಬೇಕು ಅಂತ ಆರಿಸುವುದಕ್ಕೆ ನಾನು ಅಕ್ಷಾಂಶ ನೋಡುತ್ತೇನೆ. ಹುಬ್ಬಳ್ಳಿ ಸುಮಾರು 15.4 ಡಿಗ್ರಿ ಉತ್ತರ. ವಿಯೆಟ್ನಾಂನ ದಾ ನಾಂಗ್ 16 ಡಿಗ್ರಿ ಉತ್ತರ. ಮೆಕ್ಸಿಕೋದ ಒಹಾಕಾ 17 ಡಿಗ್ರಿ. ಬ್ರೆಜಿಲ್‌ನ ರಾಜಧಾನಿ ಬ್ರೆಸೀಲಿಯಾ 15.8 ಡಿಗ್ರಿ ದಕ್ಷಿಣ. ಈ ಊರುಗಳಲ್ಲಿ ಸೂರ್ಯ ನಮ್ಮಲ್ಲಿಯಷ್ಟೇ ಎತ್ತರಕ್ಕೆ ಏರುತ್ತಾನೆ. ಛಜ್ಜಾ ಎಷ್ಟು ಹೊರಗೆ ಚಾಚಬೇಕು, ಕಿಟಕಿ ಎಷ್ಟು ಒಳಗೆ ಸರಿಯಬೇಕು ಅನ್ನುವ ಲೆಕ್ಕ ಅಲ್ಲಿಂದ ನೇರವಾಗಿ ಸಿಗುತ್ತದೆ. ಬರ್ಲಿನ್ 52 ಡಿಗ್ರಿಯಲ್ಲಿದೆ. ಅಲ್ಲಿನ ಗಾಜಿನ ಗೋಡೆ ಬಿಸಿಲನ್ನು ಕರೆಯುವುದಕ್ಕೆ ಇಟ್ಟದ್ದು. ನಮಗೆ ಅದರಿಂದ ತೊಂದರೆಯೇ.

ಸೂರ್ಯ ಹೊಂದಿದರೂ ಹವೆ ಹೊಂದಬೇಕು ಅಂತೇನಿಲ್ಲ. ದಾ ನಾಂಗ್ ಸಮುದ್ರದ ದಂಡೆಯಲ್ಲಿದೆ, ಸೆಖೆ ಜಾಸ್ತಿ, ದೊಡ್ಡ ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ. ಒಹಾಕಾದಲ್ಲಿ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಉಳಿದಂತೆ ಒಣಹವೆ. ಅದು ಗುಡ್ಡದ ಊರು, ನಮಗಿಂತ ಎತ್ತರದಲ್ಲಿದೆ, ರಾತ್ರಿ ತಂಪು ಜಾಸ್ತಿ. ಆದರೂ ಗದಗ, ಹಾವೇರಿ ಕಡೆಯವರಿಗೆ ಒಹಾಕಾದ ಅಂಗಳದ ಮನೆಗಳು ವಿಯೆಟ್ನಾಂ ಮನೆಗಳಿಗಿಂತ ಹತ್ತಿರ ಅನ್ನಿಸುತ್ತವೆ. ಸ್ಪ್ಯಾನಿಷ್ ಪುಟಗಳಲ್ಲಿ ಆ ಊರಿನ ಹೆಸರು ಹಾಕಿ ಹುಡುಕಿ.

ಲಕ್ಕುಂಡಿ ದಾರಿ

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೆಕ್ಸಿಕೋವರೆಗೆ ಯಾಕೆ ಹೋಗಬೇಕು? ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಇದೆಲ್ಲ ಇತ್ತಲ್ಲ. ದಪ್ಪ ಮಣ್ಣಿನ ಗೋಡೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕಿಂಡಿ. ಏಪ್ರಿಲ್ ಮಧ್ಯಾಹ್ನವೂ ಒಳಗೆ ತಂಪು. ಗಾಳಿ ಬೆಳಕು ಬಿಡುವ ಕಿಂಡಿ ಕಿಂಡಿಯ ಗೋಡೆ, ಅಂದರೆ ಜಾಳಿ ಬೇಕಾದರೆ ಪಟ್ಟದಕಲ್ಲಿಗೆ ಹೋಗಿ. 8ನೇ ಶತಮಾನದ ಗುಡಿಗಳ ಗೋಡೆಯಲ್ಲಿ ಕಲ್ಲಿನ ಜಾಲಂಧ್ರ ಇವೆ, ಒಂದೊಂದಕ್ಕೂ ಬೇರೆ ಬೇರೆ ವಿನ್ಯಾಸ. ನಮ್ಮ ಹುಡುಗರು ಬೇರೆ ದೇಶದ ವೆಬ್‌ಸೈಟ್ ನೋಡುವಷ್ಟು ಹೊತ್ತು ತಮ್ಮ ಅಜ್ಜನ ಮನೆಯನ್ನು ನೋಡಿಲ್ಲ. ಅದು ನನಗೆ ನೋವು.

ಆರ್ಕಿಟೆಕ್ಚರ್ ಹುಡುಗಿ

ಕಾಕಾ, ನೋವು ನನಗೂ ಅರ್ಥ ಆಗುತ್ತದೆ. ಅಣ್ಣಿಗೇರಿ ಕಡೆಯ ಒಂದು ಹಳೇ ಮನೆಯನ್ನು ನಾವು ಅಳೆದು ಬರೆದೆವು. ಬೆಳಕಿಂಡಿಯಿಂದ ಇಳಿಯುವ ಬೆಳಕು ಗಂಟೆ ಗಂಟೆಗೂ ಎಲ್ಲಿ ಬೀಳುತ್ತದೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದೆವು. ಆ ಕೆಲಸ ಯಾವ ವೆಬ್‌ಸೈಟಿನಿಂದಲೂ ಸಿಗುವುದಿಲ್ಲ.

ಆದರೆ ಅಕ್ಕನ ಪ್ಲಾಟಿನಲ್ಲಿ ಎರಡಡಿ ದಪ್ಪದ ಗೋಡೆ ಕಟ್ಟಿದರೆ 20 ಅಡಿಯಲ್ಲಿ 4 ಅಡಿ ಗೋಡೆಗೇ ಹೋಗುತ್ತದೆ. ಮಾಳಿಗೆ ಮನೆ ಒಂದೇ ಅಂತಸ್ತಿನದು, ಮಳೆ ಬಂದರೆ ಯಾರೋ ಮೇಲೆ ಹತ್ತಿ ಬೆಳಕಿಂಡಿ ಮುಚ್ಚುತ್ತಿದ್ದರು. ಇಲ್ಲಿ ಎರಡು ಮಹಡಿ, ಎರಡೂ ಕಡೆ ಬೇರೆಯವರ ಗೋಡೆ, ಕೆಳಗೆ ಬೈಕು, ಮನೆಯವರಿಬ್ಬರೂ ಕೆಲಸಕ್ಕೆ ಹೋಗುವವರು. ಈ ಇಕ್ಕಟ್ಟಿಗೆ ಬೇರೆ ಬೇರೆ ಊರಿನವರು ಏನು ಮಾಡಿದರು ಅಂತ ನೋಡುವುದರಲ್ಲಿ ತಪ್ಪಿಲ್ಲ ಅಲ್ವಾ? ದಾ ನಾಂಗ್‌ನಲ್ಲಿ 2014ರಲ್ಲಿ ಟ್ರಾಪಿಕಲ್ ಸ್ಪೇಸ್ ಅನ್ನುವ ಕಚೇರಿ ಬರೀ ಸುಟ್ಟ ಇಟ್ಟಿಗೆಯಲ್ಲಿ ಒಂದು ಮನೆ ಕಟ್ಟಿತು. ಹೆಸರು 'ಟರ್ಮಿಟರಿ ಹೌಸ್', ಗೆದ್ದಲಿನ ಹುತ್ತ ನೋಡಿ ಮಾಡಿದ್ದು. ಗೋಡೆ ತುಂಬಾ ಕಿಂಡಿ. ಅದನ್ನು ನೋಡಿದಾಗ ನನಗೆ ಪಟ್ಟದಕಲ್ಲೇ ನೆನಪಾಯಿತು.

ಸಾಧನಕೇರಿ

ಅಕ್ಕಾವ್ರೇ, ನಮ್ಮ ಧಾರವಾಡದ ಮನೆಗೆ ಪಶ್ಚಿಮದ ಕಡೆ ಸಿಮೆಂಟ್ ಜಾಳಿ ಗೋಡೆ ಇದೆ. ಅದರೊಳಗೆ ವಾಸ ಮಾಡುವವಳಾಗಿ ಹೇಳುತ್ತೇನೆ.

ಸಂಜೆ ಗಾಳಿ ಬಹಳ ಚೆನ್ನಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕದೆ ಕೂರಬಹುದು. ಗೋಡೆಯ ನೆರಳು ಫರಸಿಯ ಮೇಲೆ ಬೀಳುವುದನ್ನು ನೋಡುವುದೇ ಒಂದು ಖುಷಿ. ಆದರೆ ನಮ್ಮ ಕಡೆ ಬಿಸಿಲೂ ಪಶ್ಚಿಮದಿಂದ, ತಂಪು ಗಾಳಿಯೂ ಪಶ್ಚಿಮದಿಂದ, ಜೂನ್ ಬಂದರೆ ಹೊಡೆಯುವ ಮಳೆಯೂ ಅದೇ ಪಶ್ಚಿಮ, ನೈಋತ್ಯದಿಂದ. ಜಾಳಿ ಗಾಳಿಯನ್ನು ಬಿಡುತ್ತದೆ ಅಂದರೆ ಮಳೆಯ ಎರಚಲನ್ನೂ ಬಿಡುತ್ತದೆ. ಜುಲೈನಲ್ಲಿ ಗೋಡೆಯಿಂದ ನಾಲ್ಕೈದು ಅಡಿ ಒಳಗಿನವರೆಗೆ ನೆಲ ಒದ್ದೆ. ಅಲ್ಲಿ ಸೋಫಾ ಇಡಲು ಆಗುವುದಿಲ್ಲ. ಬೇಸಿಗೆಯಲ್ಲಿ ಧೂಳು. ಸಂಜೆ ಸೊಳ್ಳೆ. ಕಿಂಡಿ ಕಿಂಡಿಗೂ ಬಟ್ಟೆ ಹಾಕಿ ಒರೆಸಬೇಕು.

ಆ ಬ್ರೆಜಿಲ್, ವಿಯೆಟ್ನಾಂ ಫೋಟೋಗಳಲ್ಲಿ ಜಾಳಿಯ ಹಿಂದೆ ಏನಿದೆ ಅಂತ ನೋಡಿ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಆರ್ಕಿಟೆಕ್ಚರ್ ಹುಡುಗಿ

ಸಾಧನಕೇರಿ ಆಂಟಿ, ನೀವು ಹೇಳಿದ ಮೇಲೆ ಆ ದಾ ನಾಂಗ್ ಮನೆಯ ಪ್ಲಾನನ್ನು ಮತ್ತೆ ತೆರೆದೆ. ಹೊರಗೆ ಕಿಂಡಿಯ ಇಟ್ಟಿಗೆ ಗೋಡೆ. ಕೋಣೆ ಅದಕ್ಕೆ ಅಂಟಿಕೊಂಡಿಲ್ಲ. ನಡುವೆ ಓಡಾಡುವ ಜಾಗ ಬಿಟ್ಟಿದ್ದಾರೆ. ಬಿಸಿಲು, ಎರಚಲು ಆ ನಡುವಿನ ಜಾಗದಲ್ಲೇ ಸಾಯುತ್ತವೆ. ಒಳಗಿನ ಕೋಣೆಗೆ ಬೆಳಕೂ ಗಾಳಿಯೂ ತಲುಪುತ್ತವೆ. ಮುಂದಿನ ಫೋಟೋದಲ್ಲಿ ಈ ಎರಡನೇ ಪದರ ಕಾಣುವುದೇ ಇಲ್ಲ, ಪ್ಲಾನಿನಲ್ಲಿ ಎದ್ದು ಕಾಣುತ್ತದೆ.

ಬ್ರೆಜಿಲ್‌ನ ಸಿಮೆಂಟ್ ಜಾಳಿಗೆ ಕೊಬೊಗೋ ಅಂತ ಹೆಸರು. 1920ರ ದಶಕದ ಕೊನೆಗೆ ರೆಸಿಫೆ ಊರಿನಲ್ಲಿ ಮೂವರು ಸೇರಿ ಮಾಡಿದ್ದು, ಮೂವರ ಅಡ್ಡಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಹೆಸರಿಟ್ಟರು. ಆ ಹೆಸರು ಹಾಕಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಮನೆಗಳು ಬರುತ್ತವೆ. ಅವುಗಳಲ್ಲಿ ಬಹಳ ಕಡೆ ಜಾಳಿ ಇರುವುದು ಬಟ್ಟೆ ಒಗೆಯುವ ಜಾಗಕ್ಕೆ, ಮೆಟ್ಟಿಲಿಗೆ, ಪಡಸಾಲೆಗೆ. ಒದ್ದೆಯಾದರೂ ನಡೆಯುವ ಜಾಗಗಳು.

ಹಾಗಾದರೆ ಅಕ್ಕನ ಪಶ್ಚಿಮದ ಮುಖಕ್ಕೆ ಜಾಳಿ ಹಾಕಿ, ಹಿಂದೆ ಮೆಟ್ಟಿಲು ಇಡೋಣ. ಮೆಟ್ಟಿಲು ಬಿಸಿಲು ಕುಡಿಯಲಿ, ಮಳೆ ಕುಡಿಯಲಿ. ಮೆಟ್ಟಿಲಿನ ಹಿಂದೆ ಹಾಲ್.

ಕೇಶ್ವಾಪುರದವಳು

ಇದು ನನಗೆ ಹೊಳೆದೇ ಇರಲಿಲ್ಲ. ಮೆಟ್ಟಿಲನ್ನು ಎಲ್ಲರೂ ಪಕ್ಕದ ಗೋಡೆಗೆ ಹಚ್ಚಿ ಕೊಟ್ಟಿದ್ದರು. ಅತ್ತೆಯವರು ಕೇಳುತ್ತಿದ್ದಾರೆ, ಆಗ ಅಡುಗೆ ಮನೆ ಆಗ್ನೇಯಕ್ಕೆ ಬರುತ್ತದಾ ಅಂತ. ಅವರಿಗೆ ಅದು ಮುಖ್ಯ.

ಹಳೇ ಡ್ರಾಫ್ಟ್ಸ್‌ಮನ್, ಧಾರವಾಡ

ಬರುತ್ತದೆ. ರಸ್ತೆ ಪಶ್ಚಿಮಕ್ಕಿದ್ದರೆ ಹಿತ್ತಲು ಪೂರ್ವಕ್ಕೆ. ಹಿಂದಿನ ದಕ್ಷಿಣ ಮೂಲೆಯೇ ಆಗ್ನೇಯ. ಬೆಳಗಿನ ಬಿಸಿಲು ಅಡುಗೆ ಮನೆಗೆ ಬೀಳುತ್ತದೆ. ಅತ್ತೆಯವರಿಗೆ ನಿಶ್ಚಿಂತೆಯಿಂದ ಇರಲು ಹೇಳಿ.

ಹಾವೇರಿ ಗೌಂಡಿ

ನಾನು ಮನೆ ಕಟ್ಟುವವನು. ಮೇಲೆ ಬರೆದದ್ದನ್ನೆಲ್ಲ ಓದಿದೆ, ಒಳ್ಳೆಯ ಮಾತು ನಡೆದಿದೆ.

ಪಾರ್ಟಿಗಳು ಫೋನ್ ತೋರಿಸಿ ಹೀಗೇ ಬೇಕು ಅನ್ನುತ್ತಾರೆ. ಬರೀ ಮುಂದಿನ ಮುಖದ ಫೋಟೋ. ಅದರಿಂದ ನಾನು ಏನು ಕಟ್ಟಲಿ? ಇಟ್ಟಿಗೆ ಎಷ್ಟು ಮುಂದೆ ಚಾಚಿದೆ, ಸಂದಿ ಎಷ್ಟು, ಒಳಗೆ ಕಬ್ಬಿಣ ಇದೆಯಾ, ಗೋಡೆ ಯಾವುದಕ್ಕೆ ಕಟ್ಟಿಕೊಂಡಿದೆ, ಒಂದೂ ಗೊತ್ತಾಗುವುದಿಲ್ಲ. ಅವರ ಇಟ್ಟಿಗೆಯ ಅಳತೆ ಬೇರೆ, ನಮ್ಮ ಭಟ್ಟಿಯ ಇಟ್ಟಿಗೆ ಬೇರೆ. ನಮ್ಮ ಇಟ್ಟಿಗೆಯ ಅಂಚು ಸಾಪಾಗಿ ಇರುವುದಿಲ್ಲ. ಪ್ಲಾಸ್ಟರ್ ಹಾಕಿ ಮುಚ್ಚುತ್ತೇವೆ ಅಂತ ಹಾಗೇ ಸುಡುತ್ತಾರೆ. ಬಿಚ್ಚಿಟ್ಟ ಇಟ್ಟಿಗೆ ಕೆಲಸ ಬೇಕಾದರೆ ಆರಿಸಿ ಆರಿಸಿ ತರಬೇಕು, ಅದಕ್ಕೆ ದುಡ್ಡು ಜಾಸ್ತಿ.

ನಕ್ಷೆ ಇದ್ದರೆ ತನ್ನಿ. ಭಾಷೆ ಯಾವುದಾದರೂ ಇರಲಿ, ಗೆರೆ ನನಗೆ ತಿಳಿಯುತ್ತದೆ. ಕೆಲಸ ಶುರು ಮಾಡುವ ಮೊದಲು 3 ಅಡಿ ಅಗಲ, 4 ಅಡಿ ಎತ್ತರದ ಒಂದು ಮಾದರಿ ಗೋಡೆ ಕಟ್ಟಿಸಿಕೊಳ್ಳಿ. ಅದರ ಕೂಲಿ ಕೊಡಿ. ಪಶ್ಚಿಮ ಬಿಸಿಲಲ್ಲಿ ನಿಲ್ಲಿಸಿ ನೋಡಿ, ಬಕೆಟ್‌ನಿಂದ ನೀರು ಎರಚಿ ನೋಡಿ. ಮನಸ್ಸಿಗೆ ಬಂದರೆ ಮುಂದೆ ಹೋಗೋಣ. ಸಿಮೆಂಟ್ ಜಾಳಿಯನ್ನು ಅಚ್ಚು ಮಾಡಿಸಿ ಇಲ್ಲೇ ಹಾಕಬಹುದು. ಎತ್ತರದ ಜಾಳಿ ಗೋಡೆಗೆ ನಡುನಡುವೆ ಕಾಂಕ್ರೀಟ್ ಪಟ್ಟಿ, ಅದರೊಳಗೆ ಸರಳು ಬೇಕೇ ಬೇಕು. ಸುಮ್ನೆ ಒಂದರ ಮೇಲೊಂದು ಏರಿಸಿದರೆ ಗಾಳಿಗೆ ನಿಲ್ಲುವುದಿಲ್ಲ.

ಗದಗ ಸಿವಿಲ್

ಗೌಂಡಿಯಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ವೆಬ್‌ಸೈಟುಗಳಲ್ಲಿ ಪಾಯದ ಬಗ್ಗೆ ಏನೂ ಇರುವುದಿಲ್ಲ. ನಮ್ಮ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಾರೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಬಣ್ಣ ಹಚ್ಚಿ ಮುಚ್ಚಬಹುದು, ಜಾಳಿ ಗೋಡೆಯಲ್ಲಿ ಬಂದರೆ ಬಿಲ್ಲೆಗಳೇ ಒಡೆಯುತ್ತವೆ. ಇಟ್ಟಿಗೆಯ ಕಮಾನು ಚಾವಣಿ ಮೆಚ್ಚಿದವರೂ ಇದನ್ನು ನೆನಪಿಡಬೇಕು, ಕಮಾನಿನ ಕಾಲು ಸ್ವಲ್ಪ ಸರಿದರೂ ಸಾಕು. ಮೇಡಂ, ನಿಮ್ಮ ಪ್ಲಾಟಿನಲ್ಲಿ ಮಣ್ಣು ಯಾವುದು ಅಂತ ಗುಂಡಿ ತೋಡಿಸಿ ನೋಡಿ. ಎರೆ ಇದ್ದರೆ ಪಾಯದ ವಿನ್ಯಾಸ ಇಂಜಿನಿಯರ್ ಕೈಯಲ್ಲೇ ಆಗಬೇಕು.

ಮೇಲಿನ ಮಹಡಿಯ ಕಾವಿನ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೆ ಪಶ್ಚಿಮ ಆಫ್ರಿಕಾದ ಕಟ್ಟಡಗಳನ್ನು ನೋಡಿ, ಅಲ್ಲಿ ಹಲವು ದೇಶಗಳಲ್ಲಿ ಫ್ರೆಂಚ್ ನಡೆಯುತ್ತದೆ, ಆ ಭಾಷೆಯಲ್ಲೂ ಹುಡುಕಿ. ಬುರ್ಕಿನಾ ಫಾಸೋದ ಫ್ರಾನ್ಸಿಸ್ ಕೆರೆ ಅನ್ನುವ ಆರ್ಕಿಟೆಕ್ಟ್ ತಮ್ಮ ಹಳ್ಳಿ ಗಾಂಡೋದಲ್ಲಿ 2001ರಲ್ಲಿ ಒಂದು ಶಾಲೆ ಕಟ್ಟಿ ಮುಗಿಸಿದರು. 2004ರಲ್ಲಿ ಅದಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು, 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಇನ್ನೊಂದು ದೊಡ್ಡ ಪ್ರಶಸ್ತಿ ಪ್ರಿಟ್ಸ್ಕರ್ ಬಂತು. ಆ ಶಾಲೆಯ ಸೆಕ್ಷನ್ ನೋಡಿ. ಮಣ್ಣಿನ ಇಟ್ಟಿಗೆಯ ಚಾವಣಿ ಕೆಳಗೆ, ಅದರ ಮೇಲೆ ಅಂತರ ಬಿಟ್ಟು ತಗಡಿನ ಮಾಡು. ತಗಡು ಕಾಯುತ್ತದೆ, ನಡುವಿನ ಗಾಳಿ ಆ ಕಾವನ್ನು ಹೊತ್ತು ಹೊರಗೆ ಹೋಗುತ್ತದೆ. ನಮ್ಮವರು ಟೆರೇಸ್ ಮೇಲೆ ಪತ್ರಾ ಹಾಕುತ್ತಾರಲ್ಲ, ಅದೇ ಸಾಮಾನು. ಮಗ್ಗುಲುಗಳನ್ನು ಮುಚ್ಚಿ ಸ್ಟೋರ್ ಮಾಡಿಬಿಡುತ್ತಾರೆ, ಅಲ್ಲಿಗೆ ಗಾಳಿ ನಿಂತುಹೋಯಿತು. ತೆರೆದಿಟ್ಟರೆ ಕೆಳಗಿನ ಮಲಗುವ ಕೋಣೆ ತಂಪಾಗುತ್ತದೆ.

ಹಾವೇರಿ ಗೌಂಡಿ

ಹಾಗೆ ತೆರೆದಿಟ್ಟರೆ ಜೂನ್ ಗಾಳಿ ಕೆಳಗೆ ಹೊಕ್ಕು ಪತ್ರಾ ಎತ್ತುತ್ತದೆ. ಪೈಪುಗಳನ್ನು ಕಾಲಂನ ಸರಳಿಗೆ ಪ್ಲೇಟ್ ಹಾಕಿ ಬೋಲ್ಟ್ ಮಾಡಿಸಬೇಕು. ಅದಕ್ಕೆ ಸ್ಲ್ಯಾಬ್ ಹಾಕುವಾಗಲೇ ಹೇಳಿ.

ಕೇಶ್ವಾಪುರದವಳು

ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಈಗ ನಡುಮನೆಯ ಬೆಳಕು. ಜಪಾನಿನ ಒಂದು ಮನೆ ನೋಡಿದೆ. ಬಹಳ ಸಣ್ಣದು, ನಡುವೆ ಪೂರ್ತಿ ತೆರೆದ ಅಂಗಳ. ಹಾಗೆ ಮಾಡಿದರೆ ಹೇಗೆ?

ಆರ್ಕಿಟೆಕ್ಚರ್ ಹುಡುಗಿ

ಅಕ್ಕಾ, ನೀವು ನೋಡಿದ್ದು ಒಸಾಕಾದ ಸುಮಿಯೋಶಿ ಮನೆ ಇರಬೇಕು. ಜಪಾನಿನ ಆರ್ಕಿಟೆಕ್ಟ್ ತದಾವೋ ಆಂಡೋ 1976ರಲ್ಲಿ ಕಟ್ಟಿದ್ದು. ಜಾಗ ಸುಮಾರು 57 ಚದರ ಮೀಟರ್, ಅಂದರೆ 615 ಚದರ ಅಡಿಯ ಆಸುಪಾಸು. ಉದ್ದಕ್ಕೆ ಮೂರು ಭಾಗ ಮಾಡಿ ನಡುವಿನದನ್ನು ಆಕಾಶಕ್ಕೆ ಬಿಟ್ಟಿದ್ದಾರೆ. ಹೊರಗಿನ ಗೋಡೆಗೆ ಕಿಟಕಿಯೇ ಇಲ್ಲ, ಬೆಳಕೆಲ್ಲ ಅಂಗಳದಿಂದ. ಓದುವಾಗ ನನಗೆ ಬಹಳ ಮೆಚ್ಚುಗೆಯಾದ ಮನೆ. ಆದರೆ ಕೂರುವ ಕೋಣೆಯಿಂದ ಅಡುಗೆ ಮನೆಗೆ ಹೋಗಲು ಅಂಗಳ ದಾಟಬೇಕು. ಮಳೆ ಬಂದರೆ ಕೊಡೆ ಹಿಡಿಯಬೇಕು. ಮಹಡಿಯ ಕೋಣೆಗಳ ನಡುವೆಯೂ ತೆರೆದ ಸೇತುವೆ. ನಿಮ್ಮ ಅತ್ತೆಯವರು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒದ್ದೆ ನೆಲ ದಾಟಿ ಓಡಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಅಂಗಳವನ್ನು ಒಂದು ಗೋಡೆಗೆ ಸರಿಸಿ. ಉತ್ತರದ ಗೋಡೆಗೆ ಹಚ್ಚಿ 6×8 ಅಡಿಯ ಬೆಳಕಿನ ಬಾವಿ. ಅದರ ದಕ್ಷಿಣಕ್ಕೆ ಮನೆಯೊಳಗಿನ ಓಡಾಟ ಮಾಡಿನ ಕೆಳಗೇ ಇರುತ್ತದೆ. ವಿಯೆಟ್ನಾಂ ಮನೆಗಳ ಪ್ಲಾನ್ ನೋಡಿ, ಬಹಳ ಜನ ಹೀಗೇ ಮಾಡಿದ್ದಾರೆ.

ಇನ್ನೊಂದು ವಿಷಯ, ಯಾರದ್ದೇ ಮನೆಯನ್ನು ಇದ್ದಂತೆ ಎತ್ತಿ ತರಬೇಡಿ. ಆ ನಕ್ಷೆ ಅದನ್ನು ಬರೆದವರದ್ದು. ಮೆಟ್ಟಿಲನ್ನು ಮುಂದೆ ಇಡುವುದು, ಎರಡು ಪದರ, ಬೆಳಕಿನ ಬಾವಿ, ಇಂಥವನ್ನು ಕಲಿಯಬಹುದು. ನಿಮ್ಮ ಆರ್ಕಿಟೆಕ್ಟ್‌ಗೆ ಆ ಪುಟಗಳ ಲಿಂಕ್ ಕೊಟ್ಟು, ಇದರಲ್ಲಿ ನನಗೆ ಹಿಡಿಸಿದ್ದು ಇಂಥದ್ದು ಅಂತ ಬಾಯಿಬಿಟ್ಟು ಹೇಳಿ. ಅವರ ಕೆಲಸಕ್ಕೂ ಅದು ಸುಲಭ.

ಗದಗ ಸಿವಿಲ್

ಬೆಳಕಿನ ಬಾವಿಗೆ ಸೂರ್ಯನ ಲೆಕ್ಕ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೇ ವಾರದಲ್ಲೂ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಒಸಾಕಾದಲ್ಲಿ ಎಂದೂ ಹಾಗಾಗುವುದಿಲ್ಲ, ಅದು 34 ಡಿಗ್ರಿಯ ಮೇಲಿದೆ. ಅವರ ಬಾವಿಗೆ ಬಿಸಿಲು ಓರೆಯಾಗಿ ಗೋಡೆಗೆ ತಾಗಿ ಇಳಿಯುತ್ತದೆ. ನಮ್ಮ ಬಾವಿಗೆ ಏಪ್ರಿಲ್-ಮೇನಲ್ಲಿ ನೇರ ನೆಲಕ್ಕೇ ಬೀಳುತ್ತದೆ, ಆಗ ನೆಲ ಕಾದು ಊಟದ ಜಾಗ ಬಿಸಿಯಾಗುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ 51 ಡಿಗ್ರಿಗೆ ಮಾತ್ರ ಏರುತ್ತಾನೆ, ಎರಡು ಮಹಡಿಯ ಬಾವಿಯಲ್ಲಿ ಬಿಸಿಲು ಕೆಳಗೆ ತಲುಪುವುದಿಲ್ಲ. ಹಾಗಾಗಿ ಎರಡು ಕೆಲಸ ಮಾಡಿ. ಬಾವಿಯ ಒಳಗೋಡೆಗೆ ಬಿಳಿ ಬಣ್ಣ ಹೊಡೆಸಿ, ಚಳಿಗಾಲದ ಬೆಳಕು ಪುಟಿದು ಕೆಳಗೆ ಬರಲಿ. ಮೇಲೆ ಗ್ರಿಲ್ ಹಾಕಿ, ಬೇಸಿಗೆ ಎರಡು ತಿಂಗಳು ಅದರ ಮೇಲೆ ಹಸಿರು ನೆರಳುಬಲೆ ಎಳೆಯಿರಿ. ಬಲೆ ತೆಗೆಯುವಂತೆ ಕೊಕ್ಕೆ ಇರಲಿ.

ಸಾಧನಕೇರಿ

ಗ್ರಿಲ್ ಅಂತೂ ಬೇಕೇ ಬೇಕು. ಧಾರವಾಡದಲ್ಲಿ ಮಂಗಗಳು ಟೆರೇಸ್‌ನಿಂದ ನೇರ ಅಡುಗೆ ಮನೆಗೆ ಇಳಿಯುತ್ತವೆ. ಸರಳಿನ ನಡುವೆ ಕೈ ತೂರದಷ್ಟು ಒತ್ತಾಗಿ ಮಾಡಿಸಿ. ಒಂದು ಭಾಗಕ್ಕೆ ಬೀಗ ಹಾಕುವ ಬಾಗಿಲು ಇರಲಿ, ಬಾವಿಯ ಗೋಡೆ ಬಣ್ಣ ಬಳಿಯಲು ಆಳು ಇಳಿಯಬೇಕಲ್ಲ.

ಕೇಶ್ವಾಪುರದವಳು

ಬಾವಿಯಲ್ಲಿ ಬೀಳುವ ಮಳೆನೀರು? ಅದು ಮನೆಯ ನಟ್ಟನಡುವೆ. ಯಜಮಾನರಿಗೆ ಇದೇ ಭಯ. ಆ ಪುಟಗಳಲ್ಲಿ ಎಲ್ಲೂ ಇದನ್ನು ಬಿಡಿಸಿ ತೋರಿಸಿಲ್ಲ.

ಹಳೇ ಡ್ರಾಫ್ಟ್ಸ್‌ಮನ್, ಧಾರವಾಡ

ಹೌದು ತಂಗಿ, ಆ ಪುಟಗಳಿಗೆ ಹಾಕುವ ನಕ್ಷೆಯಲ್ಲಿ ಪೈಪ್ ತೋರಿಸುವುದಿಲ್ಲ. ಲೆಕ್ಕ ನಾವೇ ಮಾಡೋಣ. 6×8 ಬಾವಿ ಅಂದರೆ 48 ಚದರ ಅಡಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೂ ಬೀಳುವ ನೀರು ಸುಮಾರು 220 ಲೀಟರ್. ನಾಲ್ಕು ಇಂಚಿನ ಪೈಪಿಗೆ ಅದು ಏನೂ ಅಲ್ಲ. ತೊಂದರೆ ಬರುವುದು ಎಲೆ, ಕಸ ಕಟ್ಟಿಕೊಂಡಾಗ. ಅದಕ್ಕೆ ಎರಡು ಬಾಯಿ ಇಡಿ. ಒಂದು ನೆಲಮಟ್ಟಕ್ಕೆ, ಇನ್ನೊಂದು ಎರಡು ಇಂಚು ಮೇಲೆ, ಬೇರೆ ಪೈಪಿಗೆ. ಬಾವಿಯ ನೆಲ ಊಟದ ಜಾಗಕ್ಕಿಂತ ಆರು ಇಂಚು ಕೆಳಗಿರಲಿ. ಟೆರೇಸ್ ನೀರು ಬಾವಿಗೆ ಬರದಂತೆ ಮೇಲೆ ಸುತ್ತ ಒಂದಡಿ ಕಟ್ಟೆ ಕಟ್ಟಿಸಿ.

ನಡುಮನೆಯಿಂದ ರಸ್ತೆಯ ಗಟಾರಕ್ಕೆ ಸುಮಾರು 25 ಅಡಿ. 60ಕ್ಕೆ 1ರಂತೆ ಇಳಿಜಾರು ಕೊಟ್ಟರೆ 5 ಇಂಚು ಬೇಕು. ಬಾವಿಯ ಆರು ಇಂಚು, ಈ ಐದು ಇಂಚು, ಮೇಲೆ ಪೈಪಿನ ದಪ್ಪ ಸೇರಿಸಿ. ಮನೆಯ ಪ್ಲಿಂತ್ (ನೆಲದ ಮಟ್ಟ) ಗಟಾರಕ್ಕಿಂತ ಎರಡೂವರೆ ಅಡಿ ಮೇಲಿದ್ದರೆ ಚಿಂತೆಯಿಲ್ಲ. ನಿಮ್ಮ ರಸ್ತೆಯ ಗಟಾರ ಎಷ್ಟು ಆಳ ಇದೆ ಅಂತ ನಾಳೆ ಒಂದು ಕೋಲು ಇಳಿಸಿ ಅಳೆದು ಇಲ್ಲಿ ಬರೆಯಿರಿ. ಪೈಪನ್ನು ಪಾಯಕ್ಕೆ ಮುರ್ರಂ ತುಂಬುವ ಮೊದಲೇ ಹಾಕಿಸಬೇಕು, ಆಮೇಲೆ ನೆಲ ಅಗೆಯಬೇಕಾಗುತ್ತದೆ.